‘ಅನಿವಾರ್ಯ’ದ ಅರ್ಥವ್ಯಾಪ್ತಿ: ಗುಜರಾತಿನ ಮೂರು ನಗರಗಳ ನಿದರ್ಶನ

ಇಂಗ್ಲಿಷಿನ ‘ಇನೆವಿಟಬಲ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಅನಿವಾರ್ಯ’ವೆಂಬ ಸಮಾನಪದ ರೂಢವಾಗಿದೆ. ಎರಡರ ಅರ್ಥವೂ ಒಂದೇ ಎಂದು ಭಾವಿಸುವುದು ವಾಡಿಕೆ. ಆದರೆ ಎರಡರ ನಿಷ್ಪತ್ತಿ ಬೇರೆ ಬೇರೆ. ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ಎವಿಟಾರೆ’. ದೂರ ಸರಿದು ತಪ್ಪಿಸಿಕೊಳ್ಳುವುದು ಎಂದು ಅದರ ಅರ್ಥ. ‘ಅನಿವಾರ್ಯ’ದ ಒಳಗಿರುವುದು ನಿವಾರಣೆ, ಎಂದರೆ ಬರುವುದನ್ನು ತಡೆಯುವುದು. ಮೊದಲನೆಯದು ‘ಇದರಿಂದ ತಪ್ಪಿಸಿಕೊಳ್ಳಲಾಗದು’ ಎನ್ನುತ್ತದೆ. ಎರಡನೆಯದು ‘ಇದನ್ನು ತಡೆಯಲಾಗದು’ ಎನ್ನುತ್ತದೆ. ತಡೆಯಲಾಗದ ಎಷ್ಟೋ ಸಂಗತಿಗಳಿಂದ ತಪ್ಪಿಸಿಕೊಳ್ಳುವುದು ಸಾಧ್ಯ. ಈ ವ್ಯತ್ಯಾಸವನ್ನು ಕೇವಲ ವೈಯಾಕರಣರ ಚರ್ಚೆಗೆ ಬಿಟ್ಟುಬಿಡುವಂತಿಲ್ಲ.

ಲ್ಯಾಟಿನ್ ಮೂಲಕ್ಕೆ ಹೆಚ್ಚು ಹತ್ತಿರವಾದ ಸಂಸ್ಕೃತ ಪದವೆಂದರೆ ‘ಅಪರಿಹಾರ್ಯ’. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಹುಟ್ಟುಸಾವುಗಳ ಸಂದರ್ಭದಲ್ಲಿ ಬಂದಿರುವುದು ಈ ಪದವೇ. ಮರಾಠಿ ಗದ್ಯದಲ್ಲಿ ಇದು ಇಂದಿಗೂ ಸಹಜವಾಗಿ ಸಲ್ಲುತ್ತದೆ. ಕನ್ನಡದಲ್ಲಿ ಮಾತ್ರ ‘ಪರಿಹಾರ’ವು ನೆರೆ ಪರಿಹಾರ, ಬೆಳೆ ಪರಿಹಾರ ಎಂದು ಸರ್ಕಾರ ಕೊಡುವ ಹಣದ ಕಡೆಗೆ ವಾಲಿರುವುದರಿಂದ, ‘ಅಪರಿಹಾರ್ಯ’ ಎಂದೊಡನೆ ಓದುಗನ ಮನಸ್ಸು ಬೇರೆಡೆಗೆ ಹೋಗುವುದುಂಟು. ಅಚ್ಚಗನ್ನಡದ ‘ತಪ್ಪಿದ್ದಲ್ಲ’, ‘ಆಗಿಯೇ ತೀರುತ್ತದೆ’ ಎಂಬ ಪ್ರಯೋಗಗಳು ಈ ತೊಡಕಿನಿಂದ ಮುಕ್ತವಾಗಿವೆ. ‘ವಿಧಿಯಿಲ್ಲ’ ಎಂಬುದು ಇನ್ನೂ ಸ್ವಾರಸ್ಯಕರ. ‘ವಿಧಿಲಿಖಿತ’ ಎಂಬಲ್ಲಿ ವಿಧಿ ಇರುವುದರಿಂದ ಘಟನೆ ತಪ್ಪದು. ‘ವಿಧಿಯಿಲ್ಲದೆ ಒಪ್ಪಿಕೊಂಡ’ ಎಂಬಲ್ಲಿ ವಿಧಿ ಇಲ್ಲದಿರುವುದೇ ನಿರ್ಬಂಧಕ್ಕೆ ಕಾರಣ! ಇಲ್ಲಿ ವಿಧಿಯೆಂದರೆ ದಾರಿ, ಉಪಾಯ. ಗುಜರಾತಿಯ ‘ಛೂಟಕೊ ನಥೀ’ (ಬಿಡುಗಡೆಯಿಲ್ಲ) ಎಂಬ ನುಡಿಗಟ್ಟೂ ಅದರಿಂದಾದ ‘ನಛೂಟಕೆ’ ಎಂಬ ಅವ್ಯಯವೂ ಇದೇ ಭಾವವನ್ನು ಹೇಳುತ್ತವೆ.

ಗುಜರಾತಿಯ ಈ ಹೋಲಿಕೆಯನ್ನು ಮುಂದುವರಿಸಲು ಕಾರಣವಿದೆ. ಉದ್ಯೋಗನಿಮಿತ್ತ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿದ ಕನ್ನಡಿಗನು ಕನ್ನಡದ ಜೊತೆಗೆ ಹಿಂದಿ, ಗುಜರಾತಿಗಳಲ್ಲಿಯೂ ದಿನನಿತ್ಯ ವ್ಯವಹರಿಸಬೇಕಾಗುತ್ತದೆ. ಶಾಲೆಯ ಹಿಂದಿ ಸುತ್ತೋಲೆಯಲ್ಲಿರುವ ‘ಅನಿವಾರ್ಯ ವಿಷಯ’ವು ಅವನ ಮಾತಿನಲ್ಲಿ ಹಾಗೆಯೇ ಕನ್ನಡಕ್ಕೆ ಇಳಿಯುವುದು ಸುಲಭ. ಆದರೆ ಹಿಂದಿಯ ಆ ‘ಅನಿವಾರ್ಯ’ ನಮ್ಮ ‘ಕಡ್ಡಾಯ’. 2009ರ ಶಿಕ್ಷಣ ಹಕ್ಕು ಕಾಯಿದೆಯ ಹಿಂದಿ ಹೆಸರಿನಲ್ಲಿ ‘ಅನಿವಾರ್ಯ’ ಎಂದಿದ್ದರೆ, ಕನ್ನಡದಲ್ಲಿ ‘ಉಚಿತ ಮತ್ತು ಕಡ್ಡಾಯ ಶಿಕ್ಷಣ’ ಎನ್ನುತ್ತೇವೆ. ಗುಜರಾತಿಯವರು ‘ಫರಜಿಯಾತ್’ ಎನ್ನುತ್ತಾರೆ.

ಈ ವಿಷಯದಲ್ಲಿ ವಡೋದರಾದ ಇತಿಹಾಸವೇ ಒಳ್ಳೆಯ ಭಾಷ್ಯ. ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ಪ್ರಾಂತದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗರೂಪದಲ್ಲಿ ಆರಂಭಿಸಿ, 1906ರಲ್ಲಿ ಅದನ್ನು ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಮಕ್ಕಳನ್ನು ಶಾಲೆಗೆ ಕಳುಹಿಸದ ಪೋಷಕರಿಗೆ ದಂಡವಿತ್ತು. ದಂಡ ವಿಧಿಸಬೇಕಾಯಿತೆಂದರೆ ತಪ್ಪಿಸಿಕೊಳ್ಳುವವರಿದ್ದರು ಎಂದೇ ಅರ್ಥ. ತಾನಾಗಿಯೇ ಆಗುವಂಥದ್ದಾಗಿದ್ದರೆ ಕಾಯಿದೆಯ ಅಗತ್ಯವೇ ಇರುತ್ತಿರಲಿಲ್ಲ. ಕಡ್ಡಾಯದ ಹಿಂದೆ ಆಜ್ಞಾಪಿಸುವ ಒಬ್ಬ ಕರ್ತೃ ಇರುತ್ತಾನೆ. ಅವನನ್ನು ಹೊಗಳಬಹುದು, ಪ್ರಶ್ನಿಸಬಹುದು. ‘ಅನಿವಾರ್ಯ’ದಲ್ಲಿ ಆ ಕರ್ತೃ ಮರೆಯಾಗುತ್ತಾನೆ. ಕಚೇರಿಯ ಫಲಕಗಳಲ್ಲಿ ಕಾಣುವ ‘ಅನಿವಾರ್ಯ ಕಾರಣಗಳಿಂದ ಸಭೆಯನ್ನು ಮುಂದೂಡಲಾಗಿದೆ’ ಎಂಬ ವಾಕ್ಯದಲ್ಲಿ ಕಾರಣವೂ ಇಲ್ಲ, ಮುಂದೂಡಿದವರೂ ಇಲ್ಲ. ನಮ್ಮ ಗದ್ಯಕ್ಕೆ ಅಂಟಿದ ಈ ಕರ್ಮಣಿ ಪ್ರಯೋಗದ ಚಾಳಿಗೆ ಒಳ್ಳೆಯ ಜೊತೆ ದೊರೆತಂತಾಗಿದೆ.

ಕರ್ತೃವನ್ನು ಮರೆಸುವ ಈ ಗುಣ ವಿಪತ್ತಿನ ವರ್ಣನೆಯಲ್ಲಿ ಅಪಾಯಕಾರಿಯಾಗುತ್ತದೆ. 2001ರ ಜನವರಿ 26ರಂದು ಕಚ್ಛದಲ್ಲಿ ಸಂಭವಿಸಿದ ಭೂಕಂಪದಿಂದ, ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಹಮದಾಬಾದಿನಲ್ಲಿ ಹಲವು ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಮಡಿದರು. ಕುಸಿದವುಗಳಲ್ಲಿ ವಾಹನ ನಿಲುಗಡೆಗಾಗಿ ನೆಲಮಹಡಿಯನ್ನು ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ನಿಲ್ಲಿಸಿದವು ಅನೇಕ. ಭೂಮಿ ನಡುಗುವುದು ಅನಿವಾರ್ಯ, ಸರಿ, ಅದನ್ನು ನಿವಾರಿಸುವವರಿಲ್ಲ. ಕಟ್ಟಡ ಕುಸಿದುದಕ್ಕೆ ಅದೇ ವಿಶೇಷಣ ಸಲ್ಲುವುದೆ? 2006ರ ಆಗಸ್ಟ್‌ನಲ್ಲಿ ಸೂರತ್ ನಗರದ ಬಹುಭಾಗ ತಾಪಿ ನದಿಯ ನೆರೆಯಲ್ಲಿ ಮುಳುಗಿದಾಗಲೂ ಇದೇ ಪ್ರಶ್ನೆ ಎದ್ದಿತು. ಮೇಲ್ಭಾಗದ ಉಕಾಯಿ ಜಲಾಶಯದಿಂದ ಅಪಾರ ಪ್ರಮಾಣದ ನೀರನ್ನು ಬಿಡಲೇಬೇಕಾಯಿತು ಎಂಬುದು ಒಂದು ವಾದ. ಮಳೆಗಾಲದ ನಡುವೆ ಜಲಾಶಯವನ್ನು ಅಷ್ಟು ತುಂಬಿಸಿಟ್ಟುಕೊಂಡದ್ದೇ ತಪ್ಪು ಎಂಬುದು ಇನ್ನೊಂದು. ಮಳೆ, ನೀರಿನ ಬಿಡುಗಡೆ, ನಗರದ ಮುಳುಗಡೆ ಈ ಮೂರನ್ನೂ ‘ಅನಿವಾರ್ಯ’ವೆಂಬ ಒಂದೇ ಪದದಡಿ ತಂದ ಬರಹಗಾರ, ತನಗರಿವಿಲ್ಲದೆಯೇ ಮೊದಲ ವಾದದ ಪರವಾಗಿ ತೀರ್ಪು ಕೊಟ್ಟಂತಾಯಿತು. ‘ತಡೆಯಲಾಗದ ಮಳೆ’, ‘ಬಿಡಬೇಕಾಗಿ ಬಂದ ನೀರು’ ಎಂದು ಬಿಡಿಸಿ ಬರೆದರೆ, ಯಾರಿಂದ, ಏಕೆ ಎಂಬ ಪ್ರಶ್ನೆಗಳಿಗೆ ವಾಕ್ಯದಲ್ಲಿ ಎಡೆ ಉಳಿಯುತ್ತದೆ.

ಇಂಗ್ಲಿಷ್ ಪದಕ್ಕೆ ಒಂದು ಲಘುವಾದ ಬಳಕೆಯೂ ಉಂಟು. ಪ್ರತಿ ಸಲವೂ ಎದುರಾಗುವ, ಮೊದಲೇ ನಿರೀಕ್ಷಿಸಬಹುದಾದ ವಸ್ತುವನ್ನು ವಿನೋದದಿಂದ ‘ಇನೆವಿಟಬಲ್’ ಎನ್ನುತ್ತಾರೆ. ಗುಜರಾತಿನ ಬೆಳಗಿನ ಚಹಾದ ಜೊತೆಗೆ ಬರುವ ಗಾಂಠಿಯಾವನ್ನು ಕುರಿತು ಹಾಗೆ ಬರೆದ ಇಂಗ್ಲಿಷ್ ವಾಕ್ಯವನ್ನು ‘ಅನಿವಾರ್ಯ ಗಾಂಠಿಯಾ’ ಎಂದು ಅನುವಾದಿಸಿದರೆ, ಪಾಪ, ಅತಿಥಿಗೆ ಒತ್ತಾಯದಿಂದ ತಿನ್ನಿಸಿದಂತಾಗುತ್ತದೆ. ಕನ್ನಡದಲ್ಲಿ ಇದಕ್ಕೆ ನಿಘಂಟನ್ನು ತೆರೆಯಬೇಕಾಗಿಲ್ಲ: ‘ಚಹಾದ ಜೊತೆಗೆ ಗಾಂಠಿಯಾ ಅಂತೂ ಇದ್ದದ್ದೇ’.