ಮುಪ್ಪಿಗೆ ಸಂಗವೇ ಸಂಜೀವನ

ಕಿಕ್ಕೇರಿಯನ್ನೊಳಗೊಂಡ ಕೃಷ್ಣರಾಜಪೇಟೆ ಸೀಮೆಯ ಅನೇಕ ಕುಟುಂಬಗಳು ಜೀವನೋಪಾಯಕ್ಕಾಗಿ ಮುಂಬಯಿಗೆ ವಲಸೆಹೋಗಿವೆ. 2020ರ ಕೊರೋನಾ ಕಾಲದಲ್ಲಿ ಹಲವರು ಊರಿಗೆ ಮರಳಿದಾಗ ಈ ಸಂಗತಿಯು ನಾಡಿಗೆಲ್ಲ ವಿದಿತವಾಯಿತು.

ಮಕ್ಕಳನ್ನನುಸರಿಸಿ ಅಲ್ಲಿಗೆ ತೆರಳಿದ ವೃದ್ಧರಿಗೆ ಅನ್ನವಸ್ತ್ರಗಳು ದೊರೆತರೂ ಊರಿನ ಅರಳಿಕಟ್ಟೆ ದೊರೆಯದು. ಮರಾಠಿ, ಹಿಂದಿಗಳು ಬಾರದಿದ್ದರೆ, ಮಕ್ಕಳು ದುಡಿಮೆಗೆ ಹೋದಮೇಲೆ ಮಾತಿಗೆ ಜೊತೆಯಿಲ್ಲ. ಈ ಏಕಾಕಿತನವು ಬಲಿತರೆ ನಿದ್ರೆ, ಹಸಿವುಗಳು ಕುಗ್ಗಿ ಖಿನ್ನತೆಗೆ ಎಡೆಯಾಗಬಹುದು. ಅದನ್ನು ಮುಪ್ಪಿನ ಸಹಜಧರ್ಮವೆಂದು ಉಪೇಕ್ಷಿಸಲಾಗದು. ಅದು ಚಿಕಿತ್ಸೆಗೆ ಮಣಿಯುವ ವ್ಯಾಧಿ.

1926ರಲ್ಲಿ ಸ್ಥಾಪಿತವಾದ ಮುಂಬಯಿಯ ಮೈಸೂರು ಅಸೋಸಿಯೇಷನ್ನಿನಂತಹ ಸಂಸ್ಥೆಗಳು ಕನ್ನಡಿಗರನ್ನು ಕೂಡಿಸುತ್ತಿವೆ. ಆದರೆ ಸಭೆಯು ಎಂದೋ ಒಮ್ಮೆ, ಒಂಟಿತನವು ನಿತ್ಯ. ಶರಣರು ದಾಸೋಹದೊಡನೆ ಅನುಭವಗೋಷ್ಠಿಯನ್ನೂ ನಡೆಸಿದರು. ಅನ್ನದಂತೆ ಮಾತೂ ಹಂಚಿ ಉಣ್ಣತಕ್ಕದ್ದು. ಮನೆಯ ಹಿರಿಯರ ಬಳಿ ದಿನವೂ ಕೆಲಹೊತ್ತು ಕುಳಿತು, ದೂರದಲ್ಲಿರುವವರೊಡನೆ ದೂರವಾಣಿಯಲ್ಲಾದರೂ ಮಾತನಾಡುವುದು ವಿದ್ಯಾರ್ಥಿಗಳ ಕರ್ತವ್ಯ.