ರೆಕಾರ್ಡು ಬಂದ ಮೇಲಿನ ತಾಲೀಮು

ಪ್ರಿಯ ಗಾಯಕಿಗೆ,

ಇಷ್ಟು ವರ್ಷ ಹಾಡಿದರೂ ಮನೆ ಬಾಡಿಗೆಗೆ ಸಾಲುವಷ್ಟು ಗಳಿಕೆಯಿಲ್ಲ, ಹಾಗಾದರೆ ಸೋತ ಹಾಗೇ ಅಲ್ಲವೇ ಎಂದು ಕೇಳಿದ್ದೀಯ. ಮೊದಲು ದುಡ್ಡಿನ ಮಾತು. ಸಂಭಾವನೆ ಕೇಳುವುದಕ್ಕೆ ನಾಚಬೇಡ. ಕಲೆಗೆ ಬೆಲೆ ಕಟ್ಟಲಾದೀತೇ ಎಂದು ಹೊಗಳಿ, ಶಾಲು ಹೊದಿಸಿ, ಬರಿಗೈಯಲ್ಲಿ ಕಳಿಸುವವರಿದ್ದಾರೆ. ಶಾಮಿಯಾನಕ್ಕೂ ಮೈಕಿಗೂ ಕೊಡುವವರು ಹಾಡುವವಳಿಗೂ ಕೊಡಲಿ. ಆದರೆ ಅದು ಹೊಟ್ಟೆಯ ಲೆಕ್ಕ. ಹಾಡಿನ ಲೆಕ್ಕವನ್ನು ಧಾರವಾಡ ಸೀಮೆಯ ಇಬ್ಬರು ಹೇಗೆ ಇಟ್ಟರೆಂದು ನೋಡು.

ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು 1910ರ ಕೊನೆಯ ದಿನ, ಧಾರವಾಡದ ಪಕ್ಕದ ಮನಸೂರಿನಲ್ಲಿ. ಹುಡುಗನಾಗಿ ನಾಟಕ ಕಂಪನಿ ಸೇರಿದರು. ಮಿರಜಿನಲ್ಲಿ ನೀಲಕಂಠಬುವಾ ಆಲೂರಮಠರ ಬಳಿ ಗ್ವಾಲಿಯರ್ ಘರಾನೆಯ ಗಾಯನ ಕಲಿತರು. ಇಪ್ಪತ್ತರ ಹರೆಯದಲ್ಲೇ ಎಚ್‌ಎಂವಿ ರೆಕಾರ್ಡುಗಳು ಬಂದವು, ಹೆಸರೂ ಬಂತು. ಬೇರೆ ಯಾರಾದರೂ ಆಗಿದ್ದರೆ ಅಷ್ಟನ್ನೇ ಹಾಡಿಕೊಂಡು ಆಯುಷ್ಯ ಕಳೆಯಬಹುದಿತ್ತು. ಅವರು ಮುಂಬಯಿಯಲ್ಲಿ ಜೈಪುರ–ಅತ್ರೌಲಿ ಘರಾನೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಹೊಸದಾಗಿ ಶಿಷ್ಯರಾಗಿ ಕೂತರು. ಆ ಘರಾನೆಯ ಬಳುಕು, ಲಯದೊಳಗೆ ಹೆಣೆದುಕೊಂಡ ತಾನ್‌ಗಳು, ಜೋಡುರಾಗಗಳು: ಕೈಗೆ ಬಂದದ್ದನ್ನು ಪಕ್ಕಕ್ಕಿಟ್ಟು ಕಲಿಯಬೇಕಾದ ವಿದ್ಯೆ ಅದು. ಆ ತಾಲೀಮೂ ಹೆಚ್ಚು ಕಾಲ ದಕ್ಕಲಿಲ್ಲ. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಮನಸೂರರು ಅವರ ತಮ್ಮ ಬುರ್ಜಿ ಖಾನರ ಬಳಿ ಮುಂದುವರಿದರು.

ದೊಡ್ಡ ಮನ್ನಣೆ ಯಾವಾಗ ಬಂತು ಗೊತ್ತೇ? ಪದ್ಮಶ್ರೀ 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಕಾಳಿದಾಸ ಸಮ್ಮಾನ 1981ರಲ್ಲಿ. 1937ರಿಂದ ಪದ್ಮಶ್ರೀವರೆಗಿನ ಮೂರು ದಶಕ ಅವರನ್ನು ಹಿಡಿದು ನಿಲ್ಲಿಸಿದ್ದು ಬಹುಮಾನವಲ್ಲ. ಶುದ್ಧ ನಟ್, ಖಟ್, ಶಿವಮತ ಭೈರವದಂಥ ರಾಗಗಳು ಅವರ ಗಂಟಲಲ್ಲಿ ಉಳಿದು ಬೆಳೆದದ್ದು ಈ ವರ್ಷಗಳಲ್ಲೇ. ಆ ಹೊತ್ತಿಗೆ ಅವುಗಳನ್ನು ಹಾಡು ಎಂದು ಮಾರುಕಟ್ಟೆಯೇನೂ ಕೇಳುತ್ತಿರಲಿಲ್ಲ.

ಗಂಗೂಬಾಯಿ ಹಾನಗಲ್ಲರದೂ ಇಂಥದೇ ದಾರಿ, ಇನ್ನೂ ಕಠಿಣ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತಮ್ಮ ಹಾಡು ಬೆರೆಯಬಾರದೆಂದು ತಾವೇ ಹಾಡುವುದನ್ನು ಬಿಟ್ಟವರು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಮಗಳ ತೆಳು ಕಂಠದ ರೆಕಾರ್ಡುಗಳು ಹೊರಬಂದವು. ಕಿರಾಣಾ ಘರಾನೆಯ ಸವಾಯಿ ಗಂಧರ್ವರ ಬಳಿ ಬಿಡದೆ ನಡೆದ ತಾಲೀಮು ಅದಾದ ಮೇಲಿನದು. ಹುಬ್ಬಳ್ಳಿಯಿಂದ ಗುರುಗಳಿದ್ದ ಕುಂದಗೋಳಕ್ಕೆ ರೈಲು, ಒಂದೇ ರಾಗ ತಿಂಗಳುಗಟ್ಟಲೆ, ಬೀದಿಯಲ್ಲಿ ಕೊಂಕು ಮಾತು. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಆ ತೆಳು ಕಂಠವೇ ಹೋಯಿತು. ಬಂದದ್ದು ಗಂಡುದನಿಯಂಥ ದಪ್ಪ ಸ್ವರ. ಕೇಳುಗರು ಮೆಚ್ಚಿದ್ದ ಕಂಠವನ್ನು ಕಳೆದುಕೊಂಡವರು ಉಳಿದ ಕಂಠದಲ್ಲೇ ಕಿರಾಣಾ ಘರಾನೆಯ ಘನವಾದ ವಿಲಂಬಿತವನ್ನು ಕಟ್ಟಿದರು. ಆ ಧೈರ್ಯ ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇಬ್ಬರೂ ಬಡತನವನ್ನು ಬಯಸಿದವರಲ್ಲ; ರೇಡಿಯೋಗೆ ಹಾಡಿದರು, ಕಛೇರಿ ಮಾಡಿದರು, ಸಂಸಾರ ನಡೆಸಿದರು. ಆದರೆ ಕಲಿತದ್ದು ಸಾಕೇ ಎಂಬ ತೀರ್ಪನ್ನು ಕಛೇರಿಯ ಹಣಕ್ಕೆ ಒಪ್ಪಿಸಲಿಲ್ಲ. ತಪ್ಪು ಸ್ವರಕ್ಕೆ ಹುಬ್ಬು ಗಂಟಿಕ್ಕುವ ಗುರುವಿನ ಕಿವಿಗೆ ಒಪ್ಪಿಸಿದರು. ನಿನ್ನ ವಿಡಿಯೋ ನೋಡಿದವರ ಸಂಖ್ಯೆಗೆ ಅಂಥ ಕಿವಿಯಿಲ್ಲ.

ಆದ್ದರಿಂದ ಮದುವೆ ಮನೆಯ ಹಾಡಿಕೆ ಒಪ್ಪಿಕೋ, ಮಕ್ಕಳಿಗೆ ಪಾಠ ಹೇಳು, ಬಾಡಿಗೆ ಕಟ್ಟು. ಬೆಳಗಿನ ರಿಯಾಜನ್ನು ಮಾತ್ರ ಯಾರಿಗೂ ಮಾರಬೇಡ. ಹೋದ ಯುಗಾದಿಗೆ ಕೈಗೂಡದಿದ್ದ ಯಾವ ಜಾಗ ಈಗ ಗಂಟಲಿಗೆ ಸಲೀಸಾಗಿದೆ ಎಂದು ನಿನ್ನ ಗುರುಗಳನ್ನೇ ಕೇಳು. ಹಾಗೆಯೇ ‘ಗಾಂಧಾರಿ’ಯ ಒಂದು ಹಳೆಯ ರೆಕಾರ್ಡನ್ನೂ ಗಂಗೂಬಾಯಿಯವರ ನಂತರದ ದಿನಗಳ ಒಂದು ಖಯಾಲನ್ನೂ ಬೆನ್ನುಬೆನ್ನಿಗೆ ಕೇಳಿ, ಏನು ಅನಿಸಿತೆಂದು ಬರೆ.