ಯಕೃತ್ತು ನಾರುಗಟ್ಟುವ ಮುನ್ನ



ಹಸುವಿನ ಯಕೃತ್ತಿನಲ್ಲಿ ನಕ್ಷತ್ರಾಕಾರದ ಸೂಕ್ಷ್ಮ ಜೀವಕೋಶಗಳಿವೆ. ಹಸಿರು ಮೇವಿನಿಂದ ಸಿಗುವ ‘ಎ’ ಜೀವಸತ್ವವನ್ನು ಕೂಡಿಡುವುದು ಅವುಗಳ ಕೆಲಸ. ಬಸವನಹುಳುವಿನಿಂದ ಹೊರಬಿದ್ದು ಕೆರೆಯಂಚಿನ ಹುಲ್ಲಿಗೆ ಅಂಟಿದ ಯಕೃತ್ತಿನ ಹುಳುವಿನ ಮರಿಗಳು ಹೊಟ್ಟೆ ಸೇರಿ ಯಕೃತ್ತನ್ನು ಕೊರೆದಾಗ, ಈ ಕೋಶಗಳು ಜೀವಸತ್ವ ಕಳೆದುಕೊಂಡು ನಾರು ಹೆಣೆಯತೊಡಗುತ್ತವೆ. ಗಾಯ ಮುಚ್ಚಲು ಹೆಣೆದ ನಾರೇ ಅತಿಯಾದರೆ ಯಕೃತ್ತು ಗಟ್ಟಿಯಾಗುತ್ತದೆ. ಹಸು ಬಡಕಲಾಗುತ್ತದೆ, ಹಾಲು ಇಳಿಯುತ್ತದೆ, ಗದ್ದದಡಿ ನೀರು ತುಂಬುತ್ತದೆ. ಹುಳುವಿನ ಔಷಧ ಹಳೆಯ ನಾರನ್ನು ಕರಗಿಸದು. ಬೇಗ ಕೊಟ್ಟರೆ ಹೊಸ ಗಾಯ ತಪ್ಪುತ್ತದೆ.

ನೀವು ಮಾಡಬೇಕಾದ್ದು:

1. ಬಸವನಹುಳುಗಳಿರುವ ಜೌಗಿನಲ್ಲಿ ಮೇಯಿಸಬೇಡಿ.
2. ಮಳೆಗಾಲ ಮುಗಿದ ಮೇಲೆ ಸಗಣಿ ಪರೀಕ್ಷೆ ಮಾಡಿಸಿ.
3. ಪಶುವೈದ್ಯರು ಹೇಳಿದ ಔಷಧವನ್ನೇ ಕೊಡಿ. ಹಸು ಗಬ್ಬವಿದ್ದರೆ ಮೊದಲೇ ತಿಳಿಸಿ.
4. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬೇಡಿ.